ಡೆಸ್ಕ್‌ಟಾಪ್ ಮಾನಿಟರಿಗೆ ತಕ್ಕ ಕೇಬಲ್ ಆರಿಸುವ ಬಗೆ

ಹೊಸ ಮಾನಿಟರ್ ತಂದು, ಕೈಗೆ ಸಿಕ್ಕ ಕೇಬಲನ್ನು ಜೋಡಿಸಿ, ಪರದೆಯ ಮೇಲೆ ಚಿತ್ರ ಮೂಡಿದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ಚಿತ್ರ ಮೂಡುವುದು ಬೇರೆ, ಆ ಮಾನಿಟರು ತೋರಿಸಬಲ್ಲ ಅತ್ಯುತ್ತಮ ಚಿತ್ರವೇ ಮೂಡುವುದು ಬೇರೆ. ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ ಪರದೆಯೊಂದು 60 ಬಾರಿ ಮಾತ್ರ ಬದಲಿಸುತ್ತ ವರ್ಷಗಟ್ಟಲೆ ಕೆಲಸ ಮಾಡುತ್ತಿರಬಹುದು. ಬಳಸುವವರಿಗೆ ಅದರ ಸುಳಿವೇ ಇರುವುದಿಲ್ಲ. 4ಕೆ ಪರದೆಯ ಮೇಲೆ ಮೌಸಿನ ಬಾಣ ಕೈಯ ಚಲನೆಗಿಂತ ಹಿಂದೆ ಬಿದ್ದಂತೆ ಸಾಗಬಹುದು. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಗಳ ಅಂಚು ಕಲಸಿಹೋದಂತೆ ಕಾಣಬಹುದು. ಇಂಥ ಸಂದರ್ಭಗಳಲ್ಲಿ ದೂರು ಸಾಮಾನ್ಯವಾಗಿ ಮಾನಿಟರಿನ ಮೇಲೋ ಗ್ರಾಫಿಕ್ಸ್ ಕಾರ್ಡಿನ ಮೇಲೋ ಹೋಗುತ್ತದೆ. ಅವೆರಡರ ನಡುವೆ ಮೇಜಿನ ಹಿಂದೆ ಇಳಿಬಿದ್ದಿರುವ ಕೇಬಲಿನ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ.

ಗೊಂದಲಕ್ಕೆ ಮೂಲ ಕಾರಣ, ನಾವು ಕೇಬಲನ್ನು ಅದರ ಪ್ಲಗ್ಗಿನ ಆಕಾರದಿಂದ ಗುರುತಿಸುವುದು. ಟಿವಿಗಳಲ್ಲೂ ಕಂಪ್ಯೂಟರುಗಳಲ್ಲೂ ಚಿತ್ರ ಸಾಗಿಸುವ ಎಚ್‌ಡಿಎಂಐ ಎಂಬ ಜೋಡಣೆಯ ಮೊದಲ ಆವೃತ್ತಿ 2002ರ ಕೊನೆಯಲ್ಲಿ ಬಂದಾಗ ಅದು ಸೆಕೆಂಡಿಗೆ 4.95 ಗಿಗಾಬಿಟ್ ಮಾಹಿತಿಯನ್ನು ಸಾಗಿಸುತ್ತಿತ್ತು. 2025ರಲ್ಲಿ ಪ್ರಕಟವಾದ 2.2ನೆಯ ಆವೃತ್ತಿ 96 ಗಿಗಾಬಿಟ್ ಸಾಗಿಸುವಂತೆ ರೂಪಿತವಾಗಿದೆ. ಸಾಮರ್ಥ್ಯ ಸುಮಾರು ಹತ್ತೊಂಬತ್ತು ಪಟ್ಟು ಬೆಳೆದರೂ 19 ಪಿನ್ನುಗಳ ಆ ಪ್ಲಗ್ಗಿನ ಆಕಾರ ಹಾಗೆಯೇ ಉಳಿದಿದೆ. ಹದಿನೈದು ವರ್ಷ ಹಳೆಯ ಕೇಬಲು ಇಂದಿನ ಮಾನಿಟರಿಗೆ ಸಲೀಸಾಗಿ ಕೂರುತ್ತದೆ, ಚಿತ್ರವನ್ನೂ ತೋರಿಸುತ್ತದೆ. ಎಷ್ಟರ ಮಟ್ಟಿಗೆ ತೋರಿಸುತ್ತದೆ ಎಂಬುದನ್ನು ಮಾತ್ರ ಆಕಾರ ಹೇಳುವುದಿಲ್ಲ.

ಚಿತ್ರವು ಮೂರು ಹಂತಗಳನ್ನು ದಾಟಿ ಪರದೆಗೆ ಬರುತ್ತದೆ: ಕಂಪ್ಯೂಟರಿನ ಔಟ್‌ಪುಟ್ ಪೋರ್ಟ್, ಕೇಬಲ್, ಮಾನಿಟರಿನ ಇನ್‌ಪುಟ್ ಪೋರ್ಟ್. ಈ ಮೂರರಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಒಟ್ಟು ವ್ಯವಸ್ಥೆಯ ಸಾಮರ್ಥ್ಯವೂ ಅಷ್ಟೇ. ಹೀಗಾಗಿ ಎಷ್ಟೇ ಒಳ್ಳೆಯ ಕೇಬಲಾದರೂ ಹಳೆಯ ಪೋರ್ಟಿನ ಮಿತಿಯನ್ನು ಹೆಚ್ಚಿಸಲಾರದು. ಅಂತೆಯೇ ಎರಡೂ ತುದಿಯಲ್ಲಿ ಹೊಸ ಪೋರ್ಟುಗಳಿದ್ದರೂ ದುರ್ಬಲ ಕೇಬಲು ಅವುಗಳನ್ನು ಕಟ್ಟಿಹಾಕಬಲ್ಲದು. ಇನ್ನೂ ಒಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಒಂದೇ ಮಾನಿಟರಿನ ಹಿಂಬದಿಯಲ್ಲಿರುವ ಎರಡು ಪೋರ್ಟುಗಳು ಸಮಾನವಾಗಿರಬೇಕೆಂದಿಲ್ಲ. ಕಂಪ್ಯೂಟರಿಗೆಂದೇ ರೂಪಿಸಿದ ಡಿಸ್‌ಪ್ಲೇಪೋರ್ಟ್ ಎಂಬ ಜೋಡಣೆಯ ಮೂಲಕ 165 ಹರ್ಟ್ಜ್ (ಅಂದರೆ ಸೆಕೆಂಡಿಗೆ 165 ಬಾರಿ ಚಿತ್ರ ಬದಲಿಸುವ ವೇಗ) ಕೊಡುವ ಮಾನಿಟರು ತನ್ನದೇ ಎಚ್‌ಡಿಎಂಐ ಪೋರ್ಟಿನಲ್ಲಿ ಅದಕ್ಕಿಂತ ಕಡಿಮೆಗೆ ನಿಲ್ಲುವುದು ತೀರ ಸಾಮಾನ್ಯ. ಯಾವ ಪೋರ್ಟಿನಲ್ಲಿ ಗರಿಷ್ಠ ಎಷ್ಟು ಎಂಬ ವಿವರ ಮಾನಿಟರಿನ ಕೈಪಿಡಿಯಲ್ಲಿರುತ್ತದೆ. ಕೇಬಲ್ ಕೊಳ್ಳುವ ಮೊದಲು ಆ ಪುಟವನ್ನು ಓದುವುದಕ್ಕಿಂತ ಉಪಯುಕ್ತವಾದ ಕೆಲಸ ಇನ್ನೊಂದಿಲ್ಲ.

ಚಿತ್ರಕ್ಕೆ ಬೇಕಾಗುವ ಸಾಮರ್ಥ್ಯದ ಲೆಕ್ಕ

ಪರದೆಗೆ ಎಷ್ಟು ಮಾಹಿತಿ ಬೇಕೆಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು; ಈ ಲೆಕ್ಕ ಒಮ್ಮೆ ಮನದಟ್ಟಾದರೆ ಆವೃತ್ತಿ ಸಂಖ್ಯೆಗಳ ಗೊಂದಲ ಬಹುಪಾಲು ಕರಗುತ್ತದೆ. ಪರದೆಯ ಅಡ್ಡಸಾಲಿನ ಪಿಕ್ಸೆಲ್‌ಗಳನ್ನು ಲಂಬಸಾಲಿನ ಪಿಕ್ಸೆಲ್‌ಗಳಿಂದ ಗುಣಿಸಿ, ಅದನ್ನು ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆಯೋ ಆ ಸಂಖ್ಯೆಯಿಂದ ಗುಣಿಸಿ, ಕೊನೆಗೆ ಒಂದು ಪಿಕ್ಸೆಲ್‌ನ ಬಣ್ಣವನ್ನು ಹೇಳಲು ಬೇಕಾಗುವ ಬಿಟ್‌ಗಳಿಂದ ಗುಣಿಸಬೇಕು. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ 8 ಬಿಟ್ ಎಂದರೆ ಪಿಕ್ಸೆಲ್ ಒಂದಕ್ಕೆ 24 ಬಿಟ್.

1920×1080 ಅಳತೆಯ ಪರದೆ 60 ಹರ್ಟ್ಜ್‌ನಲ್ಲಿ ಓಡಲು ಹೀಗೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. 2560×1440 ಅಳತೆಗೆ 144 ಹರ್ಟ್ಜ್‌ನಲ್ಲಿ 12.7 ಗಿಗಾಬಿಟ್ ಆಗುತ್ತದೆ. 4ಕೆ ಎಂದು ಕರೆಯುವ 3840×2160 ಪರದೆಯಲ್ಲಿ 82,94,400 ಪಿಕ್ಸೆಲ್‌ಗಳಿವೆ. ಅದು 60 ಹರ್ಟ್ಜ್‌ನಲ್ಲಿ 11.9 ಗಿಗಾಬಿಟ್ಟನ್ನೂ 144 ಹರ್ಟ್ಜ್‌ನಲ್ಲಿ 28.7 ಗಿಗಾಬಿಟ್ಟನ್ನೂ ಕೇಳುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳ ಲೆಕ್ಕ ಮಾತ್ರ. ಒಂದು ಸಾಲಿಗೂ ಮುಂದಿನ ಸಾಲಿಗೂ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಚಿಕ್ಕ ಬಿಡುವೊಂದು ಇರುತ್ತದೆ. ಗಾಜಿನ ಕೊಳವೆಯ ಹಳೆಯ ಪರದೆಗಳಲ್ಲಿ ಎಲೆಕ್ಟ್ರಾನ್ ಕಿರಣವು ಸಾಲಿನ ಆರಂಭಕ್ಕೆ ಮರಳಲು ಬೇಕಾಗಿದ್ದ ಆ ಬಿಡುವು ಇಂದಿನ ಸಂಕೇತಗಳಲ್ಲೂ ಕಿರಿದಾದ ರೂಪದಲ್ಲಿ ಉಳಿದುಬಂದಿದೆ. ಅದನ್ನು ಸೇರಿಸಿಕೊಂಡರೆ ಮೇಲಿನ ಅಂಕಿಗಳು ಇನ್ನಷ್ಟು ಹೆಚ್ಚುತ್ತವೆ. ಎಚ್‌ಡಿಎಂಐಯ ರೂಢಿಯ ಸಮಯವಿನ್ಯಾಸದಲ್ಲಿ 4ಕೆ 60 ಹರ್ಟ್ಜ್ ಚಿತ್ರಕ್ಕೆ ಸುಮಾರು 14.3 ಗಿಗಾಬಿಟ್ ಬೇಕಾಗುತ್ತದೆ.

ಇನ್ನು ಕೇಬಲಿನ ಮೇಲೆ ಅಥವಾ ಜಾಹೀರಾತಿನಲ್ಲಿ ಕಾಣುವ ದೊಡ್ಡ ಅಂಕಿಯೂ ಪೂರ್ತಿಯಾಗಿ ಚಿತ್ರಕ್ಕೆ ಸಿಗುವುದಿಲ್ಲ. ಎಚ್‌ಡಿಎಂಐ 2.0ರವರೆಗೂ ಡಿಸ್‌ಪ್ಲೇಪೋರ್ಟ್ 1.4ರವರೆಗೂ ಕಳುಹಿಸುವ ಪ್ರತಿ 10 ಬಿಟ್‌ನಲ್ಲಿ 8 ಮಾತ್ರ ಚಿತ್ರದ ಮಾಹಿತಿ; ಉಳಿದ ಎರಡು ಸಂಕೇತವನ್ನು ಸ್ಥಿರವಾಗಿಡಲು ವ್ಯಯವಾಗುತ್ತವೆ. ಹಾಗಾಗಿ 18 ಗಿಗಾಬಿಟ್ ಎನ್ನುವ ಎಚ್‌ಡಿಎಂಐ 2.0ರಲ್ಲಿ ಚಿತ್ರಕ್ಕೆ ದೊರಕುವುದು 14.4. ಈ 14.4ನ್ನು ಮೇಲೆ ಹೇಳಿದ 14.3ರ ಪಕ್ಕದಲ್ಲಿಟ್ಟು ನೋಡಿದರೆ 2.0 ಆವೃತ್ತಿ 4ಕೆ 60 ಹರ್ಟ್ಜ್‌ಗೆಂದೇ ಹೊಲಿದಂತಿರುವುದು ತಿಳಿಯುತ್ತದೆ. ಅದೇ ಕಾರಣದಿಂದ ಬಣ್ಣವೊಂದಕ್ಕೆ 8ರ ಬದಲು 10 ಬಿಟ್ ಬೇಕಾಗುವ ಎಚ್‌ಡಿಆರ್ (ಹೊಳಪಿನ ಹೆಚ್ಚಿನ ವ್ಯಾಪ್ತಿಯ) ಚಿತ್ರವನ್ನು 4ಕೆ 60 ಹರ್ಟ್ಜ್‌ನಲ್ಲಿ ಪೂರ್ಣ ಬಣ್ಣದೊಂದಿಗೆ ಕಳುಹಿಸಲು ಅದರಲ್ಲಿ ಜಾಗ ಸಾಲುವುದಿಲ್ಲ.

ಜಾಗ ಸಾಲದಾಗ ಕಂಪ್ಯೂಟರು ಏನು ಮಾಡುತ್ತದೆ ಎಂಬುದು ಮುಖ್ಯವಾದ ಪ್ರಶ್ನೆ, ಏಕೆಂದರೆ ಬಹಳ ಸಲ ಅದು ಏನನ್ನೂ ಹೇಳದೆ ರಾಜಿ ಮಾಡಿಕೊಳ್ಳುತ್ತದೆ. ಒಂದು ದಾರಿ, ಚಿತ್ರ ಬದಲಾಗುವ ವೇಗವನ್ನು ಇಳಿಸುವುದು, ಎಚ್‌ಡಿಎಂಐ 1.4 ಪೋರ್ಟಿಗೆ ಸೇರಿಸಿದ 4ಕೆ ಮಾನಿಟರು 30 ಹರ್ಟ್ಜ್‌ಗೆ ನಿಲ್ಲುವುದು ಹೀಗೆ, ಮೌಸಿನ ಬಾಣ ತಡವರಿಸುವುದೂ ಇದರಿಂದಲೇ. ಎರಡನೆಯ ದಾರಿ, ಹೊಳಪಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಕಳುಹಿಸಿ ಬಣ್ಣದ ಮಾಹಿತಿಯನ್ನು ಎರಡು ಅಥವಾ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಹಂಚುವುದು. ಸೆಟ್ಟಿಂಗ್‌ಗಳಲ್ಲಿ 4:2:2, 4:2:0 ಎಂದು ಕಾಣುವುದು ಇದೇ. ಚಲನಚಿತ್ರ ನೋಡುವಾಗ ಈ ಕಡಿತ ಕಣ್ಣಿಗೆ ಬೀಳುವುದೇ ಇಲ್ಲವೆನ್ನಬಹುದು. ಆದರೆ ಬಣ್ಣದ ಸಣ್ಣ ಅಕ್ಷರಗಳನ್ನು ಓದುವಾಗ ಅಂಚುಗಳು ಮಸುಕಾಗಿ ಕಣ್ಣಿಗೆ ಆಯಾಸವಾಗುತ್ತದೆ. ದಿನವಿಡೀ ಬರಹದ ಜೊತೆ ಕೆಲಸ ಮಾಡುವವರು ತಮ್ಮ ಸೆಟ್ಟಿಂಗ್‌ನಲ್ಲಿ ಬಣ್ಣದ ಕಡಿತವಿಲ್ಲವೆಂದು ಸೂಚಿಸುವ ಆರ್‌ಜಿಬಿ ಅಥವಾ 4:4:4 ಎಂದು ಇದೆಯೇ ಎಂಬುದನ್ನು ಒಮ್ಮೆ ನೋಡಿಕೊಳ್ಳಲೇಬೇಕು. ಮೂರನೆಯದು ಡಿಎಸ್‌ಸಿ ಎಂಬ ಸಂಕೋಚನ. ವೀಸಾ (VESA) ಎಂಬ ಮಾನದಂಡ ಸಂಸ್ಥೆ ರೂಪಿಸಿದ ಈ ವಿಧಾನದಲ್ಲಿ ಚಿತ್ರವನ್ನು ಕಳುಹಿಸುವ ಮುನ್ನ ಕುಗ್ಗಿಸಿ ಮಾನಿಟರಿನಲ್ಲಿ ಬಿಡಿಸಲಾಗುತ್ತದೆ. ಇದರಿಂದಾಗುವ ವ್ಯತ್ಯಾಸ ಬರಿಗಣ್ಣಿಗೆ ತಿಳಿಯದಂತೆ ಅದನ್ನು ವಿನ್ಯಾಸಗೊಳಿಸಲಾಗಿದೆ. ಮೂರು ರಾಜಿಗಳಲ್ಲಿ ನಾನು ನಿಶ್ಚಿಂತೆಯಿಂದ ಒಪ್ಪುವುದು ಇದೊಂದನ್ನೇ.

ಎಚ್‌ಡಿಎಂಐ: ಟಿವಿಯ ಕಡೆಯಿಂದ ಬಂದದ್ದು

ಎಚ್‌ಡಿಎಂಐಯನ್ನು ರೂಪಿಸಿದವರಲ್ಲಿ ಸೋನಿ, ಹಿಟಾಚಿ, ತೋಷಿಬಾ, ಫಿಲಿಪ್ಸ್‌ನಂಥ ಟಿವಿ ತಯಾರಕರೇ ಪ್ರಮುಖರು. ಅದರ ಗುಣಗಳೂ ಕೊರತೆಗಳೂ ಆ ಹುಟ್ಟಿನಿಂದಲೇ ಬಂದಿವೆ. ಧ್ವನಿ ಮತ್ತು ಚಿತ್ರ ಎರಡೂ ಒಂದೇ ಕೇಬಲಿನಲ್ಲಿ ಸಾಗುವ ಅನುಕೂಲವನ್ನು ಮನೆಮನೆಗೆ ತಂದದ್ದು ಎಚ್‌ಡಿಎಂಐ. ಅದೇ ಹೊತ್ತಿಗೆ ಕಂಪ್ಯೂಟರು ಕೆಲವೊಮ್ಮೆ ಮಾನಿಟರನ್ನು ಟಿವಿ ಎಂದು ಭಾವಿಸಿ, ಹೊಳಪನ್ನು 0ಯಿಂದ 255ರವರೆಗೆ ಕಳುಹಿಸುವ ಬದಲು ಟಿವಿಯ ರೂಢಿಯಂತೆ 16ರಿಂದ 235ರ ಮಿತಿಯೊಳಗೆ ಕಳುಹಿಸುತ್ತದೆ. ಆಗ ಕಪ್ಪು ಬಣ್ಣ ಬೂದಿಯಂತೆ, ಇಡೀ ಚಿತ್ರ ತೊಳೆದಂತೆ ಪೇಲವವಾಗಿ ಕಾಣುತ್ತದೆ. ಇದು ಕೇಬಲಿನ ದೋಷವಲ್ಲ. ಗ್ರಾಫಿಕ್ಸ್ ಡ್ರೈವರಿನ ಸೆಟ್ಟಿಂಗ್‌ನಲ್ಲಿ ಪೂರ್ಣ ವ್ಯಾಪ್ತಿಯನ್ನು ಆರಿಸಿದರೆ ಸರಿಹೋಗುತ್ತದೆ. ಚಿತ್ರದ ಅಂಚುಗಳು ಪರದೆಯ ಹೊರಗೆ ಹೋಗಿ ಕತ್ತರಿಸಿದಂತೆ ಕಾಣುವುದೂ ಇದೇ ಬಗೆಯದು.

ಆವೃತ್ತಿಗಳ ವಿಷಯಕ್ಕೆ ಬಂದರೆ, 2009ರ 1.4 ಆವೃತ್ತಿ 10.2 ಗಿಗಾಬಿಟ್, 2013ರ 2.0 ಆವೃತ್ತಿ 18 ಗಿಗಾಬಿಟ್, 2017ರ 2.1 ಆವೃತ್ತಿ 48 ಗಿಗಾಬಿಟ್. ಆದರೆ ಇವು ಎರಡು ತುದಿಯ ಸಾಧನಗಳ ಆವೃತ್ತಿಗಳು, ಕೇಬಲಿನವಲ್ಲ. ಕೇಬಲುಗಳನ್ನು ಎಚ್‌ಡಿಎಂಐ ಸಂಸ್ಥೆ ವೇಗದ ದರ್ಜೆಯಿಂದ ಮಾತ್ರ ವಿಂಗಡಿಸುತ್ತದೆ: 10.2 ಗಿಗಾಬಿಟ್‌ವರೆಗೆ ಹೈ ಸ್ಪೀಡ್, 18ರವರೆಗೆ ಪ್ರೀಮಿಯಂ ಹೈ ಸ್ಪೀಡ್, 48ರವರೆಗೆ ಅಲ್ಟ್ರಾ ಹೈ ಸ್ಪೀಡ್, ಹೊಸದಾಗಿ 96ಕ್ಕೆ ಅಲ್ಟ್ರಾ96. ಆದ್ದರಿಂದ ಪೆಟ್ಟಿಗೆಯ ಮೇಲೆ ಬರೀ ಆವೃತ್ತಿ ಸಂಖ್ಯೆಯನ್ನು ದೊಡ್ಡದಾಗಿ ಮುದ್ರಿಸಿ ದರ್ಜೆಯ ಹೆಸರನ್ನು ಹೇಳದ ಕೇಬಲಿನ ಬಗ್ಗೆ ಎಚ್ಚರದಿಂದಿರುವುದು ಒಳ್ಳೆಯದು. ಪ್ರೀಮಿಯಂ ಮತ್ತು ಅಲ್ಟ್ರಾ ದರ್ಜೆಯ ಕೇಬಲುಗಳ ಪೆಟ್ಟಿಗೆಯ ಮೇಲೆ ಪ್ರಮಾಣೀಕರಣದ ಚೀಟಿಯೊಂದು ಅಂಟಿಸಿರಬೇಕು. ಅದರಲ್ಲಿರುವ ಸಂಕೇತವನ್ನು ಎಚ್‌ಡಿಎಂಐ ಸಂಸ್ಥೆಯ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ ಆ ಕೇಬಲು ನಿಜವಾಗಿಯೂ ಪರೀಕ್ಷೆಗೊಳಗಾದದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಬಹುದು.

ಸಾಧನಗಳ ಆವೃತ್ತಿ ಸಂಖ್ಯೆಯನ್ನು ನಂಬುವಾಗಲೂ ಒಂದು ತೊಡಕಿದೆ. 2.1ರ ಹಲವು ಸೌಲಭ್ಯಗಳು ಐಚ್ಛಿಕವಾದವು. ಒಂದು ಮಾನಿಟರಿನ ವಿವರಪಟ್ಟಿಯಲ್ಲಿ ಎಚ್‌ಡಿಎಂಐ 2.1 ಎಂದು ಬರೆದಿದ್ದರೂ ಅದರ ಪೋರ್ಟು 48 ಗಿಗಾಬಿಟ್ ಸ್ವೀಕರಿಸುತ್ತದೆಂಬ ಖಾತರಿಯಿಲ್ಲ. 24 ಅಥವಾ 40 ಗಿಗಾಬಿಟ್‌ಗೆ ನಿಲ್ಲುವ ಪೋರ್ಟುಗಳಿಗೂ ಅದೇ ಸಂಖ್ಯೆ ಹಾಕಲಾಗುತ್ತದೆ. ಆದ್ದರಿಂದ ಸಂಖ್ಯೆಗಿಂತ, ಯಾವ ಅಳತೆಯ ಚಿತ್ರವನ್ನು ಎಷ್ಟು ಹರ್ಟ್ಜ್‌ನಲ್ಲಿ ಆ ಪೋರ್ಟು ತೋರಿಸುತ್ತದೆ ಎಂಬ ಸಾಲನ್ನೇ ಹುಡುಕಬೇಕು.

ಡಿಸ್‌ಪ್ಲೇಪೋರ್ಟ್: ಕಂಪ್ಯೂಟರಿಗೆಂದೇ ಹುಟ್ಟಿದ್ದು

ಡಿಸ್‌ಪ್ಲೇಪೋರ್ಟನ್ನು 2006ರಲ್ಲಿ ವೀಸಾ ಸಂಸ್ಥೆ ಪ್ರಕಟಿಸಿತು. ಪ್ಲಗ್ಗಿನ ಒಂದು ಮೂಲೆ ಕತ್ತರಿಸಿದಂತಿದ್ದು, 20 ಪಿನ್ನುಗಳಿರುತ್ತವೆ; ಬಹುಪಾಲು ಕೇಬಲುಗಳಲ್ಲಿ ಜಾರದಂತೆ ಹಿಡಿದುಕೊಳ್ಳುವ ಕೊಕ್ಕೆಗಳೂ ಇರುತ್ತವೆ. ಪ್ಲಗ್ಗಿನ ಮೇಲಿನ ಗುಂಡಿಯನ್ನು ಒತ್ತದೆ ಎಳೆದರೆ ಪೋರ್ಟೇ ಕಿತ್ತುಬರಬಹುದು, ಆದ್ದರಿಂದ ಬಿಡಿಸುವಾಗ ತಾಳ್ಮೆ ಬೇಕು.

ಡೆಸ್ಕ್‌ಟಾಪ್ ಕಂಪ್ಯೂಟರಿಗೂ ಮಾನಿಟರಿಗೂ ಎರಡೂ ಬಗೆಯ ಪೋರ್ಟುಗಳಿದ್ದಾಗ ನಾನು ಡಿಸ್‌ಪ್ಲೇಪೋರ್ಟನ್ನೇ ಮೊದಲ ಆಯ್ಕೆಯಾಗಿ ಸೂಚಿಸುತ್ತೇನೆ. ಅದಕ್ಕೆ ಕಾರಣಗಳು ಹಲವು. 2010ರ 1.2 ಆವೃತ್ತಿಯಲ್ಲೇ ಚಿತ್ರಕ್ಕೆ 17.28 ಗಿಗಾಬಿಟ್ ದೊರೆಯುತ್ತಿತ್ತು. ಆ ಹೊತ್ತಿನ ಎಚ್‌ಡಿಎಂಐ 1.4ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಸಿಗುತ್ತಿತ್ತು. ಹೀಗಾಗಿ ಸ್ವಲ್ಪ ಹಳೆಯ ಕಂಪ್ಯೂಟರಿನಲ್ಲಿ 4ಕೆ ಮಾನಿಟರನ್ನು 60 ಹರ್ಟ್ಜ್‌ನಲ್ಲಿ ಓಡಿಸಲು ಅದರ ಡಿಸ್‌ಪ್ಲೇಪೋರ್ಟೊಂದೇ ದಾರಿಯಾಗಿರುವ ಸಂಭವವಿದೆ. 1.3 ಮತ್ತು 1.4 ಆವೃತ್ತಿಗಳಲ್ಲಿ ಈ ಮೊತ್ತ 25.92ಕ್ಕೆ ಏರಿತು, 2016ರ 1.4 ಆವೃತ್ತಿಯ ಜೊತೆ ಡಿಎಸ್‌ಸಿಯೂ ಸೇರಿದ್ದರಿಂದ 4ಕೆ 144 ಹರ್ಟ್ಜ್ ಕೂಡ ಅದರಲ್ಲಿ ಹಿಡಿಸುತ್ತದೆ. 2019ರ 2.0 ಮತ್ತು 2022ರ 2.1 ಆವೃತ್ತಿಗಳು ಗರಿಷ್ಠ 80 ಗಿಗಾಬಿಟ್‌ವರೆಗೆ ಹೋಗುತ್ತವೆ, ಸಂಕೇತಕ್ಕೆ ವ್ಯಯವಾಗುವ ಭಾಗವೂ ಅವುಗಳಲ್ಲಿ ಬಹಳ ಕಡಿಮೆ.

ಆಟಗಳಲ್ಲಿ ಚಿತ್ರ ಹರಿದಂತೆ ಕಾಣುವುದನ್ನು ತಪ್ಪಿಸಲು, ಗ್ರಾಫಿಕ್ಸ್ ಕಾರ್ಡ್ ಚಿತ್ರ ಸಿದ್ಧಪಡಿಸುವ ವೇಗಕ್ಕೆ ತಕ್ಕಂತೆ ಮಾನಿಟರು ತನ್ನ ವೇಗವನ್ನು ಹೊಂದಿಸಿಕೊಳ್ಳುವ ಸೌಲಭ್ಯ 2014ರಲ್ಲಿ ಡಿಸ್‌ಪ್ಲೇಪೋರ್ಟ್ ಮಾನದಂಡದೊಳಗೆ ಬಂದಿತು. ಎಚ್‌ಡಿಎಂಐ ಮಾನದಂಡಕ್ಕೆ ಅದು ಸೇರಿದ್ದು 2.1ರಲ್ಲಿ. ಇದೇ ಕೆಲಸ ಮಾಡುವ ಎನ್‌ವಿಡಿಯಾದ ಜಿ-ಸಿಂಕ್ ಸೌಲಭ್ಯವು ಅನೇಕ ಮಾನಿಟರುಗಳಲ್ಲಿ ಡಿಸ್‌ಪ್ಲೇಪೋರ್ಟ್ ಮೂಲಕವೇ ಕೆಲಸ ಮಾಡುತ್ತದೆ. ಒಂದು ಮಾನಿಟರಿನಿಂದ ಮತ್ತೊಂದಕ್ಕೆ ಕೇಬಲ್ ಎಳೆದು, ಕಂಪ್ಯೂಟರಿನ ಒಂದೇ ಪೋರ್ಟಿನಿಂದ ಎರಡು ಪರದೆಗಳನ್ನು ನಡೆಸುವ ಅವಕಾಶವೂ ಇದರಲ್ಲಿದೆ, ಮೊದಲ ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಔಟ್‌ಪುಟ್ ಇರಬೇಕು ಅಷ್ಟೇ. ಎರಡೂ ಪರದೆಗಳು ಒಂದೇ ಕೇಬಲಿನ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತವೆ ಎಂಬುದು ನೆನಪಿನಲ್ಲಿರಲಿ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಈ ವಿಧಾನದಿಂದ ಎರಡು ಬೇರೆ ಬೇರೆ ಚಿತ್ರಗಳನ್ನು ಪಡೆಯಲಾಗುವುದಿಲ್ಲ. ಲಿನಕ್ಸ್ ಬಳಸುವವರಿಗೆ ಇನ್ನೊಂದು ಕಾರಣವೂ ಇದೆ: ಎಎಮ್‌ಡಿಯ ಮುಕ್ತ ಡ್ರೈವರಿನಲ್ಲಿ ಎಚ್‌ಡಿಎಂಐ 2.1ನ್ನು ಅಳವಡಿಸುವ ಪ್ರಸ್ತಾವವನ್ನು ಆ ಮಾನದಂಡವನ್ನು ರೂಪಿಸುವ ಎಚ್‌ಡಿಎಂಐ ಫೋರಂ 2024ರಲ್ಲಿ ಒಪ್ಪಲಿಲ್ಲ. ಡಿಸ್‌ಪ್ಲೇಪೋರ್ಟ್ ವಿಷಯದಲ್ಲಿ ಅಂಥ ಅಡ್ಡಿ ಎದುರಾಗಿಲ್ಲ.

ಕೇಬಲಿನ ದರ್ಜೆ ಇಲ್ಲಿಯೂ ಆವೃತ್ತಿಯಿಂದ ಬೇರೆ. 1.4ರ ಪೂರ್ಣ ವೇಗಕ್ಕೆ ಪರೀಕ್ಷಿಸಿದ ಕೇಬಲುಗಳನ್ನು ಡಿಪಿ8ಕೆ ಎಂದೂ 2.1ರ ವೇಗಗಳಿಗೆ ಪರೀಕ್ಷಿಸಿದವನ್ನು ಡಿಪಿ40, ಡಿಪಿ54, ಡಿಪಿ80 ಎಂದೂ ವೀಸಾ ಪ್ರಮಾಣೀಕರಿಸುತ್ತದೆ. ಪ್ರಮಾಣೀಕೃತ ಕೇಬಲನ್ನು ಆರಿಸಲು ವೇಗವನ್ನು ಮೀರಿದ ಕಾರಣವೂ ಒಂದಿದೆ. ಡಿಸ್‌ಪ್ಲೇಪೋರ್ಟಿನ 20ನೆಯ ಪಿನ್ನು ಅಡಾಪ್ಟರುಗಳಂಥ ಸಣ್ಣ ಸಾಧನಗಳಿಗೆ 3.3 ವೋಲ್ಟ್ ವಿದ್ಯುತ್ ಕೊಡಲು ಇರುವಂಥದ್ದು. ಸಾಮಾನ್ಯ ಕೇಬಲಿನಲ್ಲಿ ಆ ಪಿನ್ನಿನ ಎರಡು ತುದಿಗಳನ್ನು ತಂತಿಯಿಂದ ಜೋಡಿಸಲೇಬಾರದು. ಕಳಪೆ ಕೇಬಲುಗಳಲ್ಲಿ ಈ ನಿಯಮವನ್ನು ಮುರಿದಿರುತ್ತಾರೆ. ಆಗ ಮಾನಿಟರಿನ ವಿದ್ಯುತ್ತು ಕೇಬಲಿನ ಮೂಲಕ ಹಿಂದಕ್ಕೆ ಹರಿದು ಗ್ರಾಫಿಕ್ಸ್ ಕಾರ್ಡನ್ನು ತಲುಪುತ್ತದೆ. ಕಂಪ್ಯೂಟರು ಸರಿಯಾಗಿ ಆರಂಭವಾಗದಿರುವುದು, ಅದನ್ನು ಆಫ್ ಮಾಡಿದ ಮೇಲೂ ದೀಪ ಮಿನುಗುತ್ತಿರುವುದು ಇದರ ಲಕ್ಷಣಗಳು, ಯಂತ್ರಕ್ಕೆ ಹಾನಿಯಾಗುವ ಅಪಾಯವೂ ಇದೆ. ಕೆಟ್ಟ ಎಚ್‌ಡಿಎಂಐ ಕೇಬಲು ಹೆಚ್ಚೆಂದರೆ ಚಿತ್ರವನ್ನು ಕೆಡಿಸೀತು; ಕೆಟ್ಟ ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲಿ ಉಳಿತಾಯ ಮಾಡಲು ಹೋಗುವುದು ಹಾಗಾಗಿ ಸಲ್ಲದು.

ಟೈಪ್-ಸಿ ಮತ್ತು ಹಳೆಯ ಪೋರ್ಟುಗಳು

ಯುಎಸ್‌ಬಿ ಟೈಪ್-ಸಿ ಪ್ಲಗ್ಗು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು. ಅದರೊಳಗೆ ಹರಿಯುವ ಚಿತ್ರ ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟಿನದೇ ಸಂಕೇತ. ಟೈಪ್-ಸಿಯ ವೇಗದ ತಂತಿಗಳನ್ನು ಡಿಸ್‌ಪ್ಲೇಪೋರ್ಟಿಗೆ ಬಿಟ್ಟುಕೊಡುವ ವ್ಯವಸ್ಥೆಯೊಂದಿದೆ. ಆ ವ್ಯವಸ್ಥೆ ಪ್ರತಿ ಪೋರ್ಟಿನಲ್ಲೂ ಇರುವುದಿಲ್ಲ. ಫೋನ್ ಚಾರ್ಜರಿನ ಜೊತೆ ಬರುವ ಬಹುಪಾಲು ಟೈಪ್-ಸಿ ಕೇಬಲುಗಳಲ್ಲಿ ಆ ವೇಗದ ತಂತಿಗಳೇ ಇರುವುದಿಲ್ಲವಾದ್ದರಿಂದ ಅವುಗಳಲ್ಲಿ ಚಿತ್ರ ಸಾಗುವ ಪ್ರಶ್ನೆಯೇ ಇಲ್ಲ. ಥಂಡರ್‌ಬೋಲ್ಟ್ 4 ಅಥವಾ 40 ಗಿಗಾಬಿಟ್ ಎಂದು ಗುರುತಿಸಿದ ಕೇಬಲು ಈ ವಿಷಯದಲ್ಲಿ ನಿಶ್ಚಿಂತೆಯ ಆಯ್ಕೆ. ಮಾನಿಟರಿನಲ್ಲೇ ಯುಎಸ್‌ಬಿ ಹಬ್ ಇದ್ದರೆ ನಾಲ್ಕು ಜೋಡಿ ವೇಗದ ತಂತಿಗಳಲ್ಲಿ ಎರಡು ಹಬ್‌ಗೆ ಮೀಸಲಾಗಿ ಚಿತ್ರಕ್ಕೆ ಅರ್ಧ ಸಾಮರ್ಥ್ಯವಷ್ಟೇ ಉಳಿಯಬಹುದು. ಇಂಥ ಅನೇಕ ಮಾನಿಟರುಗಳ ಮೆನುವಿನಲ್ಲಿ ಚಿತ್ರಕ್ಕೆ ಆದ್ಯತೆಯೋ ಯುಎಸ್‌ಬಿ ವೇಗಕ್ಕೋ ಎಂದು ಆರಿಸುವ ಅವಕಾಶವಿರುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜ್, ಚಿತ್ರ, ಮೌಸ್ ಎಲ್ಲವೂ ಒಂದೇ ಕೇಬಲಿನಲ್ಲಿ ಸಿಗುವುದು ದೊಡ್ಡ ಅನುಕೂಲ. ಡೆಸ್ಕ್‌ಟಾಪಿನಲ್ಲಿ ಆ ಅನುಕೂಲಕ್ಕೆ ಅಷ್ಟು ಬೆಲೆಯಿಲ್ಲ.

1999ರ ಡಿವಿಐ ಈಗ ಹೊಸ ಯಂತ್ರಗಳಲ್ಲಿ ಕಾಣುವುದು ಅಪರೂಪ. ಒಂಟಿ ಜೋಡಣೆಯ ಡಿವಿಐ 1920×1200 ಅಳತೆಗೆ 60 ಹರ್ಟ್ಜ್‌ನಲ್ಲಿ ಸಾಕಾಗುತ್ತದೆ, ಜೋಡಿ ಜೋಡಣೆಯದು 2560×1600ರವರೆಗೆ ಹೋಗುತ್ತದೆ. ಹಳೆಯ ಕಚೇರಿ ಮಾನಿಟರಿಗೆ ಅದು ಇಂದಿಗೂ ಒಳ್ಳೆಯದೇ. ಐಬಿಎಂ 1987ರಲ್ಲಿ ತಂದ ವಿಜಿಎ ಮಾತ್ರ ಅನಲಾಗ್ ಸಂಕೇತವಾದ್ದರಿಂದ ಕೇಬಲು ಉದ್ದವಾದಷ್ಟೂ ಅಕ್ಷರಗಳ ಪಕ್ಕ ನೆರಳು ಬೀಳುತ್ತದೆ, ಚಿತ್ರ ಮಸುಕಾಗುತ್ತದೆ. ಬೇರೆ ಪೋರ್ಟೊಂದು ಇರುವಾಗ ವಿಜಿಎಯನ್ನು ಬಳಸಲು ಕಾರಣವಿಲ್ಲ.

ಎರಡು ತುದಿಗಳ ಪೋರ್ಟು ಬೇರೆ ಬೇರೆಯಾದಾಗ

ಇಲ್ಲಿ ದಿಕ್ಕು ಮುಖ್ಯ. ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗಲು ಸರಳ ಕೇಬಲು ಸಾಕು, ಏಕೆಂದರೆ ಗ್ರಾಫಿಕ್ಸ್ ಕಾರ್ಡಿನ ಡಿಸ್‌ಪ್ಲೇಪೋರ್ಟುಗಳು ಬೇಡಿಕೆ ಬಂದಾಗ ಎಚ್‌ಡಿಎಂಐ ಸಂಕೇತವನ್ನೇ ಹೊರಡಿಸಬಲ್ಲವು. ಆದರೆ ಅಂಥ ಸರಳ ಕೇಬಲಿನ ಸಾಮರ್ಥ್ಯ ಸೀಮಿತ, 4ಕೆಯಲ್ಲಿ 30 ಹರ್ಟ್ಜ್‌ಗೆ ನಿಲ್ಲುತ್ತದೆ. 60 ಹರ್ಟ್ಜ್ ಬೇಕಿದ್ದರೆ ಒಳಗೆ ಪರಿವರ್ತಕ ಚಿಪ್ ಇರುವ ಸಕ್ರಿಯ ಅಡಾಪ್ಟರನ್ನೇ ಕೊಳ್ಳಬೇಕು. ಕಂಪ್ಯೂಟರಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಹೋಗುವುದಂತೂ ಸರಳ ಕೇಬಲಿನಿಂದ ಸಾಧ್ಯವೇ ಇಲ್ಲ. ಅದಕ್ಕೆ ಬೇರೆಯೇ ಆದ, ಹೆಚ್ಚಾಗಿ ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಪರಿವರ್ತಕ ಬೇಕು. ಒಂದು ತುದಿಯಲ್ಲಿ ಡಿಸ್‌ಪ್ಲೇಪೋರ್ಟ್, ಇನ್ನೊಂದರಲ್ಲಿ ಎಚ್‌ಡಿಎಂಐ ಇರುವ ಕೇಬಲನ್ನು ತಿರುಗಿಸಿ ಹಾಕಿ ಕಪ್ಪು ಪರದೆಯ ಮುಂದೆ ಕೂರುವವರು ಬಹಳ ಮಂದಿ. ಆ ಕೇಬಲು ಕೆಟ್ಟಿರುವುದಿಲ್ಲ, ಅದು ಒಂದೇ ದಿಕ್ಕಿನದು.

ಡಿವಿಐ ಮತ್ತು ಎಚ್‌ಡಿಎಂಐ ಚಿತ್ರವನ್ನು ಒಂದೇ ಬಗೆಯಲ್ಲಿ ಸಾಗಿಸುವುದರಿಂದ ಅವುಗಳ ನಡುವೆ ಎರಡೂ ದಿಕ್ಕಿನಲ್ಲಿ ಸರಳ ಅಡಾಪ್ಟರು ಸಾಕು. ವಿಜಿಎ ಮಾನಿಟರಿಗೆ ಡಿಜಿಟಲ್ ಪೋರ್ಟಿನಿಂದ ಹೋಗಲು ಯಾವಾಗಲೂ ಪರಿವರ್ತಕ ಚಿಪ್ ಬೇಕು.

ಉದ್ದ, ಚಿನ್ನದ ಲೇಪ ಮತ್ತು ಬೆಲೆ

ವೇಗ ಹೆಚ್ಚಿದಂತೆ ತಾಮ್ರದ ಕೇಬಲಿನಲ್ಲಿ ಸಂಕೇತ ಬೇಗ ಕ್ಷೀಣಿಸುತ್ತದೆ, ಹಾಗಾಗಿ ಸಾಮರ್ಥ್ಯ ಮತ್ತು ಉದ್ದ ಒಂದಕ್ಕೊಂದು ವಿರುದ್ಧ. ಮೇಜಿನ ಮೇಲಿನ ಮಾನಿಟರಿಗೆ ಒಂದೂವರೆಯಿಂದ ಎರಡು ಮೀಟರ್ ಸಾಮಾನ್ಯವಾಗಿ ಸಾಕಾಗುತ್ತದೆ. ಬೇಕಾದುದಕ್ಕಿಂತ ಉದ್ದದ ಕೇಬಲನ್ನು ಸುರುಳಿ ಸುತ್ತಿಡುವುದರಿಂದ ಲಾಭವೇನೂ ಇಲ್ಲ. ಡಿಪಿ80 ದರ್ಜೆಯ ಸಾಮಾನ್ಯ ತಾಮ್ರದ ಕೇಬಲುಗಳು ಒಂದು ಮೀಟರಿನ ಆಸುಪಾಸಿನಲ್ಲೇ ಇರುತ್ತವೆ. ಐದು ಮೀಟರಿಗಿಂತ ಹೆಚ್ಚು ದೂರಕ್ಕೆ ದೊಡ್ಡ ವೇಗ ಬೇಕಾದಾಗ ಒಳಗೆ ಬೆಳಕಿನ ಎಳೆಗಳಿರುವ ಆಪ್ಟಿಕಲ್ ಕೇಬಲುಗಳನ್ನು ಬಳಸಬೇಕು. ಅವೂ ಒಂದೇ ದಿಕ್ಕಿನವು. ಯಾವ ತುದಿ ಕಂಪ್ಯೂಟರಿಗೆ, ಯಾವುದು ಪರದೆಗೆ ಎಂದು ಪ್ಲಗ್ಗಿನ ಮೇಲೆಯೇ ಬರೆದಿರುತ್ತದೆ.

ದುಬಾರಿ ಕೇಬಲಿನಿಂದ ಬಣ್ಣಗಳು ಹೆಚ್ಚು ಶ್ರೀಮಂತವಾಗುತ್ತವೆ, ಕಪ್ಪು ಇನ್ನಷ್ಟು ಗಾಢವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಡಿಜಿಟಲ್ ಕೇಬಲಿನಲ್ಲಿ ಸಾಗುವುದು ಸೊನ್ನೆ ಮತ್ತು ಒಂದುಗಳು; ಅವು ತಪ್ಪಿಲ್ಲದೆ ತಲುಪಿದರೆ ಅಗ್ಗದ ಕೇಬಲಿನ ಚಿತ್ರವೂ ದುಬಾರಿ ಕೇಬಲಿನ ಚಿತ್ರವೂ ಒಂದೇ. ಚಿನ್ನದ ಲೇಪ ತುಕ್ಕನ್ನು ತಡೆಯುತ್ತದೆ, ಅಷ್ಟೇ. ಹಣ ಕೊಡಬೇಕಾದದ್ದು ಪರೀಕ್ಷಿತ ದರ್ಜೆಗೆ ಮತ್ತು ಗಟ್ಟಿಯಾದ ಪ್ಲಗ್ಗಿಗೆ. ನೇಯ್ದ ಹೊದಿಕೆ, ಹೊಳೆಯುವ ಲೋಹದ ಕವಚಗಳೆಲ್ಲ ಅವರವರ ಇಷ್ಟಕ್ಕೆ ಬಿಟ್ಟದ್ದು.

ಜೋಡಿಸಿದ ಮೇಲೆ

ಮೊದಲು ಕೇಬಲು ಕಂಪ್ಯೂಟರಿನ ಯಾವ ಪೋರ್ಟಿನಲ್ಲಿದೆ ಎಂಬುದನ್ನು ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಮದರ್‌ಬೋರ್ಡಿನ ಪೋರ್ಟುಗಳು ಮೇಲೆಯೂ ಕಾರ್ಡಿನ ಪೋರ್ಟುಗಳು ಕೆಳಗೆಯೂ ಇರುವುದು ವಾಡಿಕೆ. ಮೇಲಿನದಕ್ಕೆ ಸೇರಿಸಿದರೆ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ಭಾಗವೇ ಚಿತ್ರ ಕಳುಹಿಸುತ್ತದೆ, ಪ್ರೊಸೆಸರಿನಲ್ಲಿ ಆ ಭಾಗ ಇಲ್ಲದಿದ್ದರೆ ಚಿತ್ರವೇ ಬರುವುದಿಲ್ಲ. ಎರಡೂ ಸಂದರ್ಭದಲ್ಲಿ ಕೇಬಲು ನಿರಪರಾಧಿ. ಅನಂತರ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗಳಲ್ಲಿ ಸುಧಾರಿತ ಭಾಗಕ್ಕೆ ಹೋಗಿ ರಿಫ್ರೆಶ್ ರೇಟ್ (ಚಿತ್ರ ಬದಲಾಗುವ ವೇಗ) ಎಷ್ಟಿದೆ ಎಂಬುದನ್ನು ನೋಡಿ, ಬೇಕಾದುದನ್ನು ಕೈಯಾರೆ ಆರಿಸಬೇಕು. ಹೊಸ ಮಾನಿಟರು 60 ಹರ್ಟ್ಜ್‌ನಲ್ಲೇ ಆರಂಭವಾಗುವುದುಂಟು. ಕೆಲವು ಮಾನಿಟರುಗಳ ಸ್ವಂತ ಮೆನುವಿನಲ್ಲಿಯೂ ಡಿಸ್‌ಪ್ಲೇಪೋರ್ಟ್ ಅಥವಾ ಎಚ್‌ಡಿಎಂಐಯ ಆವೃತ್ತಿಯನ್ನು ಆರಿಸುವ ಸಾಲೊಂದಿದ್ದು, ಅದು ಹಳೆಯ ಆವೃತ್ತಿಯಲ್ಲಿ ನಿಂತಿದ್ದರೆ ದೊಡ್ಡ ವೇಗಗಳು ಪಟ್ಟಿಯಲ್ಲೇ ಕಾಣಿಸಿಕೊಳ್ಳುವುದಿಲ್ಲ.

ಕೇಬಲು ಸೋತಿದೆ ಎಂಬುದು ಎರಡು ವ್ಯವಸ್ಥೆಗಳಲ್ಲಿ ಎರಡು ಬಗೆಯಾಗಿ ತಿಳಿಯುತ್ತದೆ, ಈ ವ್ಯತ್ಯಾಸ ಗೊತ್ತಿದ್ದರೆ ಹುಡುಕಾಟ ಸುಲಭವಾಗುತ್ತದೆ. ಡಿಸ್‌ಪ್ಲೇಪೋರ್ಟಿನಲ್ಲಿ ಎರಡು ತುದಿಯ ಸಾಧನಗಳು ಜೋಡಣೆಯಾದ ಕ್ಷಣದಲ್ಲೇ ಕೇಬಲಿನ ಮೇಲೆ ಪ್ರಯೋಗ ನಡೆಸಿ, ತಪ್ಪುಗಳು ಹೆಚ್ಚಾದರೆ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಆದ್ದರಿಂದ ಅಲ್ಲಿ ದುರ್ಬಲ ಕೇಬಲಿನ ಮೊದಲ ಲಕ್ಷಣವೆಂದರೆ ನಿರೀಕ್ಷಿಸಿದ ವೇಗ ಪಟ್ಟಿಯಲ್ಲಿ ಇಲ್ಲದಿರುವುದು. ಎಚ್‌ಡಿಎಂಐ 2.0ರವರೆಗೂ ಅಂಥ ಪ್ರಯೋಗವಿರಲಿಲ್ಲ. ಮಾನಿಟರು ಸಾಧ್ಯವೆಂದು ಹೇಳಿದ ವೇಗವನ್ನೆಲ್ಲ ಕಂಪ್ಯೂಟರು ಪಟ್ಟಿಯಲ್ಲಿ ತೋರಿಸುತ್ತದೆ, ನಡುವಿನ ಕೇಬಲಿನ ಶಕ್ತಿ ಅದಕ್ಕೆ ತಿಳಿಯದು. ಹಾಗಾಗಿ ಅಲ್ಲಿ ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುವುದು, ಕೆಲವು ಕ್ಷಣ ಪರದೆ ಕಪ್ಪಾಗಿ ಮರಳುವುದು, ಸಂಕೇತವಿಲ್ಲ ಎಂಬ ಸೂಚನೆ ಬರುವುದು ಲಕ್ಷಣಗಳು. ರಿಫ್ರೆಶ್ ರೇಟನ್ನು ಒಂದು ಹಂತ ಇಳಿಸಿ ನೋಡಿ. ತೊಂದರೆ ಆ ಕೂಡಲೇ ನಿಂತರೆ ಕೇಬಲಿನ ಮೇಲಿನ ಅನುಮಾನ ಬಲವಾಯಿತು ಎಂದು ತಿಳಿಯಬಹುದು. ಚಿಕ್ಕದಾದ, ಪ್ರಮಾಣೀಕೃತ ಕೇಬಲನ್ನು ಹಾಕಿದ ಮೇಲೂ ಅದೇ ವೇಗದಲ್ಲಿ ಅದೇ ತೊಂದರೆ ಮರುಕಳಿಸಿದರೆ ಮಾತ್ರ ಪೋರ್ಟು ಅಥವಾ ಡ್ರೈವರಿನತ್ತ ತಿರುಗಬೇಕು.